ದೊಡ್ಡಪ್ಪನ ಎಲೆ

ಕಥೆಯಲ್ಲೋ ಸಿನಿಮಾದಲ್ಲೋ ಔತಣದ ದೃಶ್ಯ ಬಂದರೆ ನನಗೆ ಮೈ ಉರಿಯುತ್ತದೆ. ಯಾರೋ ಗುಟ್ಟು ರಟ್ಟು ಮಾಡುತ್ತಾರೆ, ಜಗಳ ಹತ್ತುತ್ತದೆ, ಎಲೆ ಬಿಟ್ಟು ಎದ್ದು ಹೋಗುತ್ತಾರೆ. ಹೊಟ್ಟೆ ತುಂಬ ಉಂಡು ಕೈ ತೊಳೆದವರನ್ನು ಮಾತ್ರ ನಾನು ಅಲ್ಲಿ ಕಂಡಿಲ್ಲ.

ಎರಡು ವರ್ಷದ ಹಿಂದೆ ತೋವಿನಕೆರೆ ಹತ್ತಿರದ ನಮ್ಮ ಮನೆಯಲ್ಲಿ ಕಿರುಚಿತ್ರಕ್ಕೆಂದು ಬೀಗರೂಟದ ದೃಶ್ಯ ತೆಗೆದರು. ಕಥೆ ನನ್ನದು, ಅವರನ್ನು ಕರೆತಂದವಳೂ ನಾನೇ. "ಸುಳ್ಳು ಊಟಕ್ಕೆ ಜನ ಕೂರಿಸ್ಬಾರ್ದು ಕಣಮ್ಮ" ಎಂದು ಅವ್ವ ನಿಜವಾಗಿಯೂ ಮುದ್ದೆ ಕಟ್ಟಿ, ಮರಿ ಸಾರು ಮಾಡಿದಳು.

ಸಾಲಿನ ಮೊದಲ ಎಲೆ ದೊಡ್ಡಪ್ಪನದು. ಬೇರೆ ಮನೆಯಲ್ಲಿದ್ದರೂ ಅಪ್ಪ ಹೋದ ಮೇಲೆ ನಮಗೆ ಅವರೇ ಹಿರಿಯರು. ಹಲ್ಲಿಲ್ಲ, ಊಟ ನಿಧಾನ. ನಮ್ಮಲ್ಲಿ ಹಿರಿಯರು ಏಳದೆ ಸಾಲಿನಲ್ಲಿ ಒಬ್ಬರೂ ಏಳುವುದಿಲ್ಲ. ನಿರ್ದೇಶಕ "ಎಲ್ಲರೂ ನಗ್ತಾ ಒಟ್ಟಿಗೆ ಏಳಿ" ಎಂದ. ಯಾರೂ ಅಲ್ಲಾಡಲಿಲ್ಲ.

"ದೊಡ್ಡೋರು ಇನ್ನೂ ಉಣ್ತಾವ್ರೆ ಕಣಪ್ಪಾ, ಅದೆಂಗೆ ಏಳಾದು?" ಎಂದರು ಪಕ್ಕದ ಮನೆಯ ಮಾವ.

ನಿರ್ದೇಶಕ ನನ್ನ ಕಡೆ ತಿರುಗಿದ. "ಮೇಡಂ, ಬಿಸಿಲು ಹೋಗ್ತಿದೆ. ಅವರ ಎಲೆ ತೆಗೆದುಬಿಡಿ."

ಅವನಿಗೇನು ಗೊತ್ತು? ಗೊತ್ತಿದ್ದವಳು ನಾನು. ಉಣ್ಣುವವರ ಮುಂದಿನ ಎಲೆಯನ್ನು ನಮ್ಮೂರಲ್ಲಿ ಹಗೆಯವನೂ ಎಳೆಯುವುದಿಲ್ಲ. ಥೂ ನನ್ನ ಜನ್ಮಕ್ಕೆ, ಬಗ್ಗಿ ಎತ್ತಿಬಿಟ್ಟೆ. ದೊಡ್ಡಪ್ಪನ ಕೈಯಲ್ಲಿ ಇನ್ನೂ ಒಂದು ತುತ್ತಿತ್ತು. ಬಾಯಿಗಿಡಲಿಲ್ಲ, ನಾನು ಹಿಡಿದಿದ್ದ ಎಲೆಗೇ ಹಾಕಿ ಎದ್ದರು. ಅವರ ಹಿಂದೆ ಎಲ್ಲರೂ ಎದ್ದರು. ಯಾರೂ ನಗದಿದ್ದರೂ ನಿರ್ದೇಶಕ ಸಾಕು ಎಂದ.

ಈಗಲೂ ಚಿತ್ರ ನೋಡಿದವರು ಫೋನ್ ಮಾಡುತ್ತಾರೆ. "ಎಂಥ ಆತ್ಮೀಯ ಊಟ ಮೇಡಂ, ಬಾಯಲ್ಲಿ ನೀರು ಬಂತು." ಯಾವ ಸೀಮೆಯ ಆತ್ಮೀಯತೆ? ಹಸಿದ ಮುದುಕರನ್ನು ಎಬ್ಬಿಸಿ ತೆಗೆದ ಚಿತ್ರ ಅದು. ಅವರಿಗೆ ಥ್ಯಾಂಕ್ಸ್ ಹೇಳಿ ಫೋನ್ ಇಟ್ಟು ನನ್ನನ್ನೇ ಬೈದುಕೊಳ್ಳುತ್ತೇನೆ.

ಆವತ್ತಿನಿಂದ ದೊಡ್ಡಪ್ಪ ನಮ್ಮ ಮನೆಯಲ್ಲಿ ಉಂಡಿಲ್ಲ. ಹೋದ ತಿಂಗಳು ತಮ್ಮನ ಮಗುವಿನ ನಾಮಕರಣಕ್ಕೆ ಬಂದು ಹರಸಿದರು. ಅವ್ವ ಎಲೆ ಹಾಕಿ ಕರೆದಳು.

"ಉಂಡೇ ಬಂದಿವ್ನಿ ಕಣಮ್ಮ. ನೀವೆಲ್ಲ ಕೂತ್ಕಳಿ."

ಒಂದು ಮಾತು ಬೈದಿದ್ದರೆ ಬದುಕುತ್ತಿದ್ದೆ. ಬೈಯಲಿಲ್ಲ. ನಾನೂ ಸಾಲಿನಲ್ಲಿ ಕೂತೆ, ಎಲ್ಲರದೂ ಮುಗಿದರೂ ನನ್ನ ಎಲೆಯಲ್ಲಿ ಅರ್ಧ ಊಟ ಉಳಿದಿತ್ತು. ಉಳಿದವರು ಏಳಲು ನೋಡಿದಾಗ ದೊಡ್ಡಪ್ಪ ನನ್ನ ಎಲೆ ನೋಡಿ ಕೈ ಅಡ್ಡ ಹಿಡಿದರು.

"ಇರ್ರೋ, ಮಗ ಇನ್ನೂ ಉಣ್ತೈತೆ."