ಚನ್ನಾಜಮ್ಮನ ಅರ್ಜಿ ಓದಿದವರು

ಅವರ ಎಡಗಣ್ಣಿಗೆ ಪೊರೆ ಬಂದು ಸುಣ್ಣದ ನೀರಿನಂತೆ ಬೆಳ್ಳಗಾಗಿತ್ತು. ಬಲಗಣ್ಣೊಂದರಲ್ಲೇ ಓದಬೇಕಾಗಿದ್ದರಿಂದ ಕಾಗದವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿಯುತ್ತಿದ್ದರು. ಮೊದಲ ಸಲ ನೋಡಿದವರಿಗೆ ಇವರು ಓದುತ್ತಿಲ್ಲ, ಕಾಗದವನ್ನು ಮೂಸುತ್ತಿದ್ದಾರೆ ಅನ್ನಿಸಬೇಕು. ಸಾಲಿನ ಕೊನೆಗೆ ಬಂದಾಗ ಕಣ್ಣು ಹೊರಳುತ್ತಿರಲಿಲ್ಲ, ಇಡೀ ತಲೆಯೇ ಹೊರಳುತ್ತಿತ್ತು.

ನಂಜನಗೂಡಿನ ಅಂಗಡಿ ಬೀದಿಯ ಹಿಂದಿನ ಸಂದಿಯಲ್ಲಿ ಅವರ ಮನೆ. ಊರೆಲ್ಲ ಅವರನ್ನು ಶಿರಸ್ತೇದಾರರು ಅನ್ನುತ್ತಿತ್ತು. ನಾನೂ ಹಾಗೆಯೇ ಕರೆದಾಗ ನಕ್ಕು, "ನಾನು ಬರೀ ರೆಕಾರ್ಡ್ ಕೀಪರ್ ಕಣಮ್ಮ. ರಿಟೈರ್ ಆದ್ಮೇಲೆ ಜನ ಪ್ರಮೋಷನ್ ಕೊಟ್ಟವ್ರೆ" ಅಂದಿದ್ದರು. ಸರ್ವಿಸ್ ಪೂರ್ತಿ ತಾಲ್ಲೂಕು ಕಚೇರಿಯ ಹಳೆಯ ಕಡತಗಳ ನಡುವೆ ಕಳೆದವರು. ಕೂಡಿಸಿ ಬರೆದ ಹಳೆಯ ಶಾನುಭೋಗರ ಕೈಬರಹ ಈಗಿನವರಿಗೆ ಇರುವೆ ಸಾಲಿನಂತೆ ಕಾಣುತ್ತದೆ. ಅದನ್ನು ಓದಿಸಿಕೊಳ್ಳಲು ಸುತ್ತಲಿನ ಹಳ್ಳಿಯವರೆಲ್ಲ ಅವರ ಜಗಲಿಗೆ ಬರುತ್ತಿದ್ದರು.

ನಾನು ಹೋದದ್ದು ಭಯದಿಂದ.

ನಮ್ಮದು ಬನ್ನೂರು ಕಡೆಯ ಹಳ್ಳಿ. ನಾನು ನರಸೀಪುರದಲ್ಲಿ ಹೈಸ್ಕೂಲ್ ಟೀಚರು. ತಮ್ಮ ಊರಲ್ಲೇ ಭತ್ತ, ಕಬ್ಬು ಬೆಳೆಯುತ್ತಾನೆ. ನಮ್ಮ ಮನೆಯಲ್ಲಿ ಗಂಡಸರು ನಲವತ್ತು ದಾಟುತ್ತಿರಲಿಲ್ಲ. ತಾತ ಕಣದಲ್ಲಿ ಬಿದ್ದವರು ಏಳಲಿಲ್ಲ. ಅಪ್ಪ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಗದ್ದೆಗೆ ನೀರು ಕಟ್ಟಿ ಬಂದು, ಜಗಲಿಯ ಮೇಲೆ ಕೂತು, ಕುಡಿಯಲು ನೀರು ಕೇಳಿದರು. ಅಮ್ಮ ಚೊಂಬು ಹಿಡಿದು ಬರುವಷ್ಟರಲ್ಲಿ ಗೋಡೆಗೆ ಒರಗಿದ್ದರು. ಆಗ ನನಗೆ ಹದಿನಾಲ್ಕು ವರ್ಷ.

ಇದಕ್ಕೆಲ್ಲ ಕಾರಣವನ್ನು ಅಜ್ಜಿ ಹೇಳುತ್ತಿದ್ದಳು. ನಮ್ಮ ಮುತ್ತಾತನ ಅಪ್ಪ ಹೆಡತಲೆ ಕಡೆಯ ಒಂದು ಹಳ್ಳಿಯವನಂತೆ. ಅವನ ಅಣ್ಣ ತೀರಿಕೊಂಡಾಗ ಅತ್ತಿಗೆಯನ್ನೂ ಕಂಕುಳ ಕೂಸನ್ನೂ ಹೊರಗೆ ಹಾಕಿ ಜಮೀನನ್ನು ತನ್ನ ಹೆಸರಿಗೆ ಮಾಡಿಕೊಂಡನಂತೆ. ಆಕೆ ಹೊಸಲಿಗೆ ಒಂದು ಹಿಡಿ ಮಣ್ಣು ಎರಚಿ, ನಿನ್ನ ವಂಶದ ಗಂಡಸು ನಲವತ್ತು ಕಾಣದಿರಲಿ ಅಂದಳಂತೆ. ಅವನು ಹೆದರಿ ಊರು ಬಿಟ್ಟು ಈ ಕಡೆ ಬಂದನಂತೆ. ಅವತ್ತಿನಿಂದ ನಮ್ಮವರು ಯಾರೂ ನಂಜನಗೂಡಿನ ಕಡೆ ಕಾಲಿಡುತ್ತಿರಲಿಲ್ಲ. ವಂಶ ಹೇಳುವ ಹೆಳವರು ಊರಿಗೆ ಬಂದರೆ ಅಜ್ಜಿ ಒಂದು ಮೊರ ರಾಗಿ ಸುರಿದು ಬಾಗಿಲಿನಿಂದಲೇ ಕಳಿಸುತ್ತಿದ್ದಳು, ಬಾಯಿ ತೆರೆಯಲು ಬಿಡುತ್ತಿರಲಿಲ್ಲ.

ಆ ವರ್ಷ ತಮ್ಮನಿಗೆ ಮೂವತ್ತೊಂಬತ್ತು ತುಂಬಿತು. ಗದ್ದೆಯ ಬದು ಹತ್ತುವಾಗ ಎದೆ ಹಿಡಿದುಕೊಂಡು ನಿಂತ. ಮೈಸೂರಿನ ಡಾಕ್ಟರು ಇಸಿಜಿ ನೋಡಿ, ತಡ ಮಾಡದೆ ಆಸ್ಪತ್ರೆಗೆ ಸೇರಬೇಕು ಅಂದರು. ಇವನು ಒಪ್ಪಲಿಲ್ಲ. "ಬುಡಕ್ಕ, ಅಪ್ಪುಂಗೆ ಬಂದದ್ದು ನಂಗೂ ಬತ್ತದೆ. ಎದೆ ಕುಯ್ದ್ರೆ ಶಾಪ ಓಯ್ತದಾ?" ಅಂದ. ಬೇಡಿದೆ, ಬೈದೆ, ಅತ್ತುಬಿಟ್ಟೆ. ದಿನಾ ಸಂಜೆ ಫೋನ್ ಮಾಡಿ ಅವನ ದನಿ ಕೇಳಿದ ಮೇಲೇ ಒಲೆ ಹಚ್ಚುತ್ತಿದ್ದೆ. ಆ ಕತೆ ಸುಳ್ಳೆಂದು ತೋರಿಸಿದರೆ ಅವನು ಆಸ್ಪತ್ರೆಗೆ ಬಂದಾನು ಎಂಬ ಒಂದೇ ಆಸೆಯಿಂದ, ನಂಜನಗೂಡಿನ ಬಸ್ಸು ಹತ್ತಿದೆ.

ಶಿರಸ್ತೇದಾರರು ಎಲ್ಲವನ್ನೂ ಕೇಳಿಸಿಕೊಂಡರು. "ಸುಳ್ಳು ಅಂತ ನಾನು ಈಗ್ಲೇ ಹೇಳಲ್ಲ. ನಿಜಾನೇ ಆಗಿದ್ರೆ ತಡ್ಕತೀರಾ?" ಅಂದರು. ನಾನು ಮುತ್ತಾತನ ಅಪ್ಪನ ಹೆಸರನ್ನೂ ಅವನ ಊರಿನ ಹೆಸರನ್ನೂ ಬರೆದುಕೊಟ್ಟೆ.

ತಾಲ್ಲೂಕು ಕಚೇರಿಗೆ ಅರ್ಜಿ ಹಾಕಿ ಹಳೆಯ ದಾಖಲೆಗಳ ನಕಲು ತಂದುಕೊಡುವುದು ನನ್ನ ಕೆಲಸ, ಓದುವುದು ಅವರದು. ಪ್ರತಿ ಸಲವೂ ಕೈ ತೊಳೆದು ಪಂಚೆಯ ಅಂಚಿಗೆ ಒರೆಸಿಕೊಂಡೇ ಕಾಗದ ಮುಟ್ಟುತ್ತಿದ್ದರು. ಸತ್ತವರನ್ನು ಅವರು ಇದ್ದವರಂತೆ ಮಾತಾಡಿಸುತ್ತಿದ್ದರು. "ಬನ್ನಿ, ನಿಮ್ಮ ಮುತ್ತಾತನ ಅಪ್ಪ ಇಲ್ಲೇ ಕೂತವ್ರೆ" ಎಂದು ಹೆಸರಿನ ಮೇಲೆ ಬೆರಳಿಡುತ್ತಿದ್ದರು. ಏನೇ ಸಿಕ್ಕಿದರೂ ಮೊದಲು ತಮ್ಮಷ್ಟಕ್ಕೆ ಓದಿ ಮುಗಿಸಿ, "ಹೇಳ್ಲಾ, ಬೇಡ್ವಾ?" ಎಂದು ಕೇಳುವರು. ಹಿಂದೊಮ್ಮೆ ಯಾರದೋ ವಿಭಾಗಪತ್ರವನ್ನು ಅವಸರದಲ್ಲಿ ಗಟ್ಟಿಯಾಗಿ ಓದಿಬಿಟ್ಟದ್ದಕ್ಕೆ, ಜಗಲಿಯ ಮೇಲೇ ಇಬ್ಬರು ಅಣ್ಣತಮ್ಮಂದಿರು ಕೈಕೈ ಮಿಲಾಯಿಸಿದ್ದರಂತೆ. "ಅವತ್ತಿಂದ ನನ್ನ ಬಾಯಿಗೆ ನಾನೇ ಹೆದರ್ತೀನಿ" ಅನ್ನುತ್ತಿದ್ದರು.

ಮೂರನೆಯ ತಿಂಗಳಲ್ಲಿ ಖಾತೆ ತಕರಾರಿನ ಒಂದು ಕಡತದ ನಕಲು ಸಿಕ್ಕಿತು. ಅವರು ಓದಿದರು. ಎದ್ದು ಒಳಗೆ ಹೋಗಿ ನೀರು ಕುಡಿದು ಬಂದರು. ಮತ್ತೆ ಓದಿದರು. ನಾನು ಅವರ ಮುಖವನ್ನೇ ನೋಡುತ್ತಾ ಕೂತಿದ್ದೆ.

"ಹೇಳ್ಲಾ, ಬೇಡ್ವಾ?"

"ಹೇಳಿ."

"ಅತ್ತಿಗೇನ ಆಚೆ ಹಾಕಿದ್ದು ನಿಜ ಕಣಮ್ಮ. ಆಯಮ್ಮನ ಹೆಸರು ಚನ್ನಾಜಮ್ಮ. ಇದು ಅವರೇ ಹೇಳಿ ಬರೆಸಿರೋ ಅರ್ಜಿ."

ಅವರು ನಿಧಾನವಾಗಿ ಓದತೊಡಗಿದರು. ಜಮೀನನ್ನು ತನ್ನ ಕೂಸಿನ ಹೆಸರಿಗೆ ಬರೆಯಬೇಕೆಂದು ಆಕೆ ಕೇಳಿದ್ದಳು. ನಡುವೆ ಈ ಮಾತಿತ್ತು: "ನನ್ನ ಗಂಡನು ಗದ್ದೆಯಿಂದ ಬಂದು ಎದೆ ಹಿಡಿದು ಕೂತವನು ಏಳಲಿಲ್ಲ. ನಮ್ಮ ಮಾವನವರೂ ನಡುವಯಸ್ಸಿನಲ್ಲಿ ಹೀಗೆಯೇ ಹೋದರು."

ಶಿರಸ್ತೇದಾರರು ಕಾಗದವನ್ನು ಕೆಳಗಿಟ್ಟರು. "ನೋಡಿ. ಶಾಪಕ್ಕಿಂತ ಮುಂಚೇನೇ ಸಾವು ಬಂದದೆ."

ಕಡತದ ಕೊನೆಯಲ್ಲಿ, ಮೈದುನ, ಅಂದರೆ ನಮ್ಮ ಮುತ್ತಾತನ ಅಪ್ಪ, ಒಪ್ಪಿ ಜಮೀನು ಬಿಟ್ಟುಕೊಟ್ಟಿದ್ದಾನೆ ಎಂದು ಬರೆದು ಅವನ ಹೆಬ್ಬೆಟ್ಟಿನ ಗುರುತು ಹಾಕಿಸಿದ್ದರು. ಹೆದರಿ ಕೊಟ್ಟನೇ, ನಾಚಿ ಕೊಟ್ಟನೇ ಎಂದು ಕೇಳಿದೆ. "ಅದು ಕಾಗದದಲ್ಲಿಲ್ಲ. ಇಲ್ಲದೇ ಇರೋದನ್ನ ನಾನು ಓದಲ್ಲ" ಅಂದರು. ಕಾಗದ ಮಡಿಸುತ್ತಾ, "ಒಂದೇ ಕಾಗದ ನೆಚ್ಕೊಂಡು ನಿಲ್ಲಬಾರ್ದು. ಆಯಮ್ಮನ ಮನೆಯೋರು ಆ ಊರಲ್ಲಿ ಇದ್ದರೆ ಕೇಳೋಣ. ನಿಮ್ಮ ತಮ್ಮನ್ನೂ ಕರ್ಕೊಂಡು ಬನ್ನಿ" ಅಂದರು.

ತಮ್ಮ ಬಂದ, ಆದರೆ ಬೇರೆ ಕಾರಣಕ್ಕೆ. "ಸಾಯೋ ಮುಂಚೆ ಆ ಮನೇರ ಕಾಲಿಗಾದ್ರೂ ಬಿದ್ದು ಬತ್ತೀನಿ" ಅಂದ. ಮೂವರೂ ಆಟೋ ಹಿಡಿದೆವು. ಊರು ಕಂಡಾಗ ನನ್ನ ಕೈ ಹಿಡಿದ. ಚಿಕ್ಕವನಿದ್ದಾಗ ಬಿಟ್ಟರೆ ಅವನು ನನ್ನ ಕೈ ಹಿಡಿದದ್ದು ಅವತ್ತೇ.

ಮನೆ ಸಿಕ್ಕಿತು. ಚನ್ನಾಜಮ್ಮನ ಮರಿಮಗನ ಹೆಂಡತಿ, ಎಂಬತ್ತರ ಹತ್ತಿರದ ಅಜ್ಜಿ, ಅವರೆಕಾಯಿ ಸುಲಿಯುತ್ತಿದ್ದರು. ತಮ್ಮ ಹೊಸಲಿನಾಚೆಯೇ ನಿಂತ.

"ಅದ್ಯಾಕಪ್ಪ ಬಿಸ್ಲಲ್ಲಿ ನಿಂತಿದ್ದೀಯೆ, ಒಳಿಕ್ಕೆ ಬಾ."

ಶಿರಸ್ತೇದಾರರು ನಾವು ಯಾರೆಂದು ಹೇಳಿದರು. ಅಜ್ಜಿಯ ಕೈಯಲ್ಲಿದ್ದ ಕಾಯಿ ಮೊರಕ್ಕೆ ಬಿತ್ತು. ಆಕೆ ಕುತ್ತಿಗೆಯ ಲಿಂಗದ ಕರಡಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಹೆದರಿದ್ದು ನಾವಲ್ಲ, ಆಕೆ.

"ನೀವಾ? ಇನ್ನೇನು ಮಾಡಕೆ ಬಂದ್ರಿ? ನಮ್ಮತ್ತೆ ಏಳೋರು, ಒಳೆ ದಾಟಿ ಆಚೆಗೋದೋರು ಮಾಟ ಮಾಡ್ಸವ್ರೆ, ಅದ್ಕೇ ಈ ಮನೇಲಿ ಗಂಡಸ್ರು ಉಳಿಯಕಿಲ್ಲ ಅಂತ."

ಶಿರಸ್ತೇದಾರರು ಮೆಲ್ಲಗೆ ಕೇಳಿದರು: "ಯಜಮಾನ್ರು ಹೆಂಗೆ ಹೋದ್ರು ತಾಯಿ?"

"ಎದೆ ಹಿಡ್ಕಂಡ್ರು. ನೀರು ತತ್ತೀನಿ ಅಂತ ಒಳಿಕ್ಕೋದೆ. ಬರೋವಷ್ಟ್ರಲ್ಲಿ ಇಲ್ಲ. ಮೂವತ್ತೆಂಟು. ನಮ್ಮ ಮಾವಾರೂ ಅಂಗೇಯಾ."

ತಮ್ಮ ಜಗಲಿಯ ಮೇಲೆ ಕೂತ. ಶಿರಸ್ತೇದಾರರು ಅವನ ಪಕ್ಕ ಕೂತು, ಅವನ ಮುಖಕ್ಕೆ ಮುಖ ತಾಗುವಷ್ಟು ಹತ್ತಿರ ಬಾಗಿದರು. "ಶಾಪ ಹಾಕಿದ ಮನೇಗೂ ಅದೇ ಬಂದದೆ ಅಂದ್ರೆ ಅದು ಶಾಪ ಅಲ್ಲ ಕಣಪ್ಪ. ಅಣ್ಣಂಗೂ ತಮ್ಮಂಗೂ ಒಂದೇ ರಕ್ತ, ಅದ್ರಲ್ಲಿ ಬಂದಿರೋ ಕಾಯಿಲೆ. ಅವರ ಕಾಲಕ್ಕೆ ಡಾಕ್ಟರಿರಲಿಲ್ಲ. ನಿಂಗಿದ್ದಾರೆ. ಹೋಗ್ತೀಯಾ?"

ತಮ್ಮ ತಲೆಯಾಡಿಸಿದ. ಅಜ್ಜಿ ಒಳಗಿನಿಂದ ಮೂರು ಲೋಟ ಮಜ್ಜಿಗೆ ತಂದರು. ನಾವು ಮೂವರೂ ಅಲ್ಲೇ ಕುಡಿದೆವು.

ಶಿರಸ್ತೇದಾರರು ಎರಡೂ ಮನೆಯವರ ಹೆಸರು, ಗೊತ್ತಿದ್ದಷ್ಟು ವಯಸ್ಸು, ಸತ್ತ ಬಗೆ ಎಲ್ಲವನ್ನೂ ಒಂದು ದೊಡ್ಡ ಹಾಳೆಯಲ್ಲಿ ವಂಶವೃಕ್ಷ ಮಾಡಿ ಬರೆದುಕೊಟ್ಟರು. ಮೈಸೂರಿನ ಡಾಕ್ಟರು ಅದನ್ನು ಎರಡು ಸಲ ನೋಡಿದರು. ರಕ್ತದಲ್ಲಿ ಕೊಬ್ಬು ಏರುವ, ಮನೆತನದಲ್ಲಿ ಇಳಿದು ಬರುವ ಕಾಯಿಲೆ ಎಂದು ಪರೀಕ್ಷೆಯಲ್ಲಿ ತಿಳಿಯಿತು. ತಮ್ಮನ ಎದೆಗೆ ಎರಡು ಸ್ಟೆಂಟ್ ಹಾಕಿದರು. ಆ ಅಜ್ಜಿಯ ಮೊಮ್ಮಕ್ಕಳಿಬ್ಬರೂ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬಂದರು. ನಲವತ್ತು ತುಂಬಿದ ದಿನ ತಮ್ಮ ಬೆಳಗಿನಿಂದ ಸಂಜೆಯವರೆಗೆ ಮನೆಯೊಳಗೇ ಕೂತಿದ್ದ, ನಾನೂ ರಜೆ ಹಾಕಿ ಎದುರಿಗೇ ಕೂತಿದ್ದೆ. ಈಗ ಅವನಿಗೆ ನಲವತ್ತೆರಡು.

ಅವನು ಚೇತರಿಸಿಕೊಂಡ ಮೇಲೆ ಶಿರಸ್ತೇದಾರರಿಗೆ ಬಾಳೆಗೊನೆ ತೆಗೆದುಕೊಂಡು ಹೋಗಿದ್ದೆ. ಅವರು ಹಣ್ಣು ನೋಡಲಿಲ್ಲ, ನನ್ನನ್ನು ನೋಡಿದರು. "ಹೆಣ್ಮಕ್ಳಿಗೂ ಅದೇ ರಕ್ತ ಕಣಮ್ಮ. ನೀವು ತೋರಿಸ್ಕೊಂಡ್ರಾ?"

"ಆಯ್ತು, ಎಲ್ಲಾ ಸರಿಯಾಗಿದೆಯಂತೆ" ಅಂದೆ. ನಾನು ತೋರಿಸಿಕೊಂಡಿರಲಿಲ್ಲ. ತಮ್ಮನನ್ನು ಅಷ್ಟು ಬೈದವಳಿಗೆ ಸ್ವಂತ ರಕ್ತದ ರಿಪೋರ್ಟ್ ನೋಡುವ ಧೈರ್ಯವಿರಲಿಲ್ಲ.

ಅವರು ಕೈ ಚಾಚಿದರು. "ಕಾಗದ ಕೊಡಿ, ಓದ್ತೀನಿ."

"ಮನೇಲಿದೆ, ಮುಂದಿನ ಸಲ ತರ್ತೀನಿ" ಅಂದೆ. ಒಳ್ಳೆಯ ಕಣ್ಣಿನಿಂದ ನನ್ನನ್ನು ನೋಡಿ, ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡರು.

ಮುಂದಿನ ಸಲ ಎಂಬುದು ಬರಲಿಲ್ಲ. ಒಂದು ವಾರದ ಜ್ವರದಲ್ಲಿ ಹೋಗಿಬಿಟ್ಟರು. ನನಗೆ ಸುದ್ದಿ ತಲುಪಿದ್ದು ಮೂರು ದಿನದ ಮೇಲೆ. ಮನೆಗೆ ಹೋದಾಗ ಅವರ ಮಗಳು ನನ್ನನ್ನು ಗುರುತಿಸಿ ಹೇಳಿದರು: "ನರಸೀಪುರದ ಟೀಚರು ಒಂದು ಕಾಗದ ತರ್ತಾರೆ, ಬಂದ್ರೆ ನನ್ನ ಎಬ್ಬಿಸು ಅಂತ ಜ್ವರದಲ್ಲೂ ಹೇಳ್ತಿದ್ರು."

ಮಾರನೆಯ ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮೈಸೂರಿಗೆ ಹೋದೆ. ರಕ್ತ ತೆಗೆಯುವ ಕೋಣೆಯ ಮುಂದೆ ಸಾಲಾಗಿ ಕುರ್ಚಿಗಳಿದ್ದವು. ಎರಡು ಸಲ ಎದ್ದು ಹೊರಬಾಗಿಲವರೆಗೆ ಹೋಗಿ ವಾಪಸು ಬಂದೆ. ಮೂರನೆಯ ಸಲ ಏಳುವಷ್ಟರಲ್ಲಿ ಒಳಗಿನಿಂದ ನನ್ನ ಹೆಸರು ಕೂಗಿದರು. ಒಳಗೆ ಹೋಗಿ, ಸೆರಗು ಸರಿಸಿ, ಕೈ ಚಾಚಿದೆ.