ಚೀನಾದವನು ಹೇಳಿದ ಹೆಣ್ಣುಗುದುರೆ

ನಾನು ರಂಗಂಪೇಟೆಗೆ ಸೊಸೆಯಾಗಿ ಬಂದಾಗ ನಿಜಾಮರ ರಾಜ್ಯ ಹೋಗಿ ಇನ್ನೂ ಹೆಚ್ಚು ಕಾಲ ಆಗಿರಲಿಲ್ಲ. ರಾಜ್ಯ ಹೋದದ್ದು ಓಣಿಗೆ ಮೊದಲು ಗೊತ್ತಾದದ್ದು ನಮ್ಮ ಮಾವನ ತಲೆಯಿಂದಂತೆ. ಅಲ್ಲಿಯ ತನಕ ಅವರು ತಹಶೀಲ್ ಕಚೇರಿಗೆ ಹೋಗುವಾಗ ಕರೀ ಗೊಂಡೆಯ ಕೆಂಪು ಟೋಪಿ ಹಾಕುತ್ತಿದ್ದರು. ಶಹಾಪುರದ ರಸ್ತೆಯಲ್ಲಿ ಮಿಲಿಟರಿ ಲಾರಿಗಳು ಬಂದ ದಿನ ಬೆಳಿಗ್ಗೆ ತಲೆ ಕೆಂಪಗಿತ್ತು, ಸಂಜೆಗೆ ಗಾಂಧಿ ಟೋಪಿಯಲ್ಲಿ ಬೆಳ್ಳಗಾಯಿತು. ನಾನು ಬರುವ ಹೊತ್ತಿಗೆ ಅತ್ತೆ ಆ ಕೆಂಪು ಟೋಪಿಯಲ್ಲಿ ಬಳ್ಳೊಳ್ಳಿ ತುಂಬಿ ಅಡುಗೆಮನೆಯ ಗೂಟಕ್ಕೆ ನೇತು ಹಾಕಿದ್ದರು.

ನಮ್ಮದು ಕುರಿ ಸಾಕುವ ಮನೆ. ಮಾವ ಉಣ್ಣೆ, ಕಂಬಳಿಯ ವ್ಯಾಪಾರ ಮಾಡುತ್ತಿದ್ದರು. ಅಂದರೆ ಸುರಪುರದ ಹೋಟೆಲಿನಲ್ಲಿ ಕೂತು ಆ ಬಗ್ಗೆ ಮಾತಾಡುತ್ತಿದ್ದರು. ಕುರಿ ಮೇಯಿಸಲು ಒಬ್ಬ ಆಳಿದ್ದ. ಉಳಿದದ್ದೆಲ್ಲ ಅತ್ತೆಯ ಪಾಲು: ಉಣ್ಣೆ ಕತ್ತರಿಸಿ ತೊಳೆದು ನೂಲುವುದು, ಮರಿಗಳ ಆರೈಕೆ, ಅಡುಗೆ, ನೀರು. ನನ್ನ ಗಂಡ ಶಹಾಪುರದಲ್ಲಿ ಮೇಷ್ಟ್ರು. ಭಾನುವಾರ ಬಂದು, ಎಲ್ಲರ ಮಾತಿಗೂ ತಲೆಯಾಡಿಸಿ, ಸೋಮವಾರ ಹೋಗುತ್ತಿದ್ದರು.

ಮೊದಲ ಚುನಾವಣೆ ಬರುತ್ತದೆ ಎಂಬ ಸುದ್ದಿ ಹಬ್ಬಿದ್ದೇ ಮಾವನಿಗೆ ಟಿಕೇಟಿನ ಹುಚ್ಚು ಹಿಡಿಯಿತು. ಅವರ ಹತ್ತಿರ ಬಿಳಿ ಟೋಪಿಯಿತ್ತು, ಜುಬ್ಬಾ ಇತ್ತು. ಹೋರಾಟ ಮಾಡಿದವರಿಗೆ ಮಾತ್ರ ಟಿಕೇಟು ಎಂದು ಯಾರೋ ಹೇಳಿದಾಗ ಹೋರಾಟವೂ ಸಿದ್ಧವಾಯಿತು. ರಜಾಕಾರರ ಗಲಾಟೆಯ ಕಾಲದಲ್ಲಿ ಮಾವ ಹಿತ್ತಿಲಿನ ಉಣ್ಣೆಯ ರಾಶಿಯೊಳಗೆ ಅಡಗಿ ಕೂತಿದ್ದರು. ಅತ್ತೆ ಹೊತ್ತಿಗೆ ಸರಿಯಾಗಿ ಅಲ್ಲಿಗೇ ರೊಟ್ಟಿ ಒಯ್ದು ಕೊಡುತ್ತಿದ್ದರು. ಈಗ ಅದಕ್ಕೆ ಭೂಗತ ಹೋರಾಟ ಎಂದು ಹೆಸರಾಯಿತು. ರೊಟ್ಟಿ ಒಯ್ದವಳ ಸುದ್ದಿ ಆ ಚರಿತ್ರೆಯಲ್ಲಿ ಬರಲಿಲ್ಲ.

ಆ ದಿನಗಳಲ್ಲಿಯೇ ಚೀನಾದವನು ನಮ್ಮ ಮನೆಗೆ ಬಂದ. ಸೈಕಲ್ಲಿನ ಮೇಲೆ ರೇಶ್ಮೆಯ ಗಂಟು ಕಟ್ಟಿಕೊಂಡು ಊರೂರು ತಿರುಗಿ ಮಾರುವ ಮುದುಕ. ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದು ಈ ಕಡೆ ಬಂದಿದ್ದನಂತೆ. ನಮ್ಮ ಬಾಗಿಲಿನ ಮುಂದೆ ಗಂಟು ಬಿಚ್ಚುವಷ್ಟರಲ್ಲಿ ಚಳಿಜ್ವರ ಬಂದು ಅಲ್ಲಿಯೇ ಕುಸಿದ. ಅತ್ತೆ ಅವನನ್ನು ಪಡಸಾಲೆಯಲ್ಲಿ ಮಲಗಿಸಿ ಕಂಬಳಿ ಹೊದಿಸಿದರು.

"ಯಾವ ದೇಶದವನೋ ಏನೋ, ನಮ್ಮ ಮನ್ಯಾಗ ಸತ್ತರ ಪೊಲೀಸರು ನನ್ನ ಹಿಡೀತಾರ" ಎಂದು ಮಾವ ಕೂಗಾಡಿದರು.

"ಸಾಯಬಾರ್ದಂತಲೇ ಗಂಜಿ ಕುಡಸಾಕತ್ತೀನ್ರಿ" ಎಂದರು ಅತ್ತೆ.

ಜೋಳದ ಗಂಜಿ ಕುಡಿದು ಅವನು ಎದ್ದು ಕೂತ. ಹೊರಡುವ ದಿನ ಗಂಟು ಬಿಚ್ಚಿ, ಹೊಳೆಯುವ ರೇಶ್ಮೆಯ ತುಂಡೊಂದನ್ನು ಅತ್ತೆಯ ಮುಂದಿಟ್ಟ. "ಇದನ್ನುಟ್ಕೊಂಡು ಕುರಿ ಹಿಕ್ಕಿ ಬಳೀಲೇನಪಾ?" ಎಂದು ಅತ್ತೆ ಹಿಂದಕ್ಕೆ ಸರಿಸಿದರು. ಋಣ ಹೊತ್ತು ಹೋಗಲು ಅವನಿಗೆ ಮನಸ್ಸಿರಲಿಲ್ಲ. ಒಳಜೇಬಿನಿಂದ ನಡುವೆ ತೂತಿದ್ದ ಮೂರು ಹಳೆಯ ನಾಣ್ಯ ತೆಗೆದು, ತನ್ನ ಊರಿನ ಕಡೆಯ ಶಾಸ್ತ್ರ ನೋಡಿ ಹೇಳುತ್ತೇನೆ ಎಂದ. ಅವನು ಆಡಿದ್ದು ಮುರುಕಲು ಉರ್ದು. ನಾನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ.

ಶಾಸ್ತ್ರ ಎಂದ ಕೂಡಲೇ ಮಾವ ಹತ್ತಿರ ಬಂದರು. ಅದುವರೆಗೆ ಯಾವ ದೇಶದವನೋ ಆಗಿದ್ದವನು ಈಗ ದೊಡ್ಡ ಮನುಷ್ಯನಾದ.

"ನನಗ ಟಿಕೇಟ್ ಸಿಗ್ತದೋ ಇಲ್ಲೋ, ಅಷ್ಟ ಹೇಳು."

ನಾಣ್ಯಗಳನ್ನು ನೆಲದ ಮೇಲೆ ಆರು ಸಲ ಎಸೆಯಬೇಕು ಎಂದು ಅವನು ತೋರಿಸಿಕೊಟ್ಟ. ಸೆಗಣಿ ಸಾರಿಸಿದ ನೆಲ ಇನ್ನೂ ಹಸಿಯಿತ್ತು. ಮಾವನದು ಇಸ್ತ್ರಿ ಮಾಡಿದ ಧೋತರ. "ಏ, ನೀ ಒಗಿ. ಕೇಳಾಂವ ನಾನು, ಒಗಿಯಾಕಿ ನೀನು" ಎಂದು ಅತ್ತೆಗೆ ಹೇಳಿದರು. ಅತ್ತೆ ಹಿಟ್ಟಿನ ಕೈ ಒರೆಸಿಕೊಂಡು ಬಂದು ಕೂತರು.

ಒಂದೊಂದು ಸಲ ಒಗೆದಾಗಲೂ ಅವನು ಇದ್ದಲಿನಿಂದ ಒಂದು ಗೆರೆ ಎಳೆದ, ಕೆಳಗಿನಿಂದ ಮೇಲಕ್ಕೆ. ಪ್ರತಿ ಗೆರೆಯೂ ನಡುವೆ ತುಂಡಾಗಿತ್ತು. ಆರೂ ಹಾಗೆಯೇ ಬಂದವು. ಮುದುಕ ಕೈಮುಗಿದ.

"ಭೂಮಿ" ಎಂದ.

"ಎಷ್ಟು ಎಕರೆ?" ಎಂದರು ಮಾವ.

"ಎಕರೆಯ ಲೆಕ್ಕ ಅಲ್ಲ ಸೇಠ್. ಎಲ್ಲರನ್ನೂ ಹೊರೋ ಭೂಮಿ. ಬೀಜ ಬಿದ್ದರ ಬೆಳಸ್ತದ, ಹೊಲಸು ಬಿದ್ದರ ಗೊಬ್ಬರ ಮಾಡ್ತದ. ಇದಕ್ಕೊಂದು ಪ್ರಾಣಿನೂ ಅದ. ಹೆಣ್ಣುಗುದುರಿ."

ಮಾವನ ಮೋರೆ ನೋಡುವಂತಿತ್ತು. "ಗಂಡುಗುದುರಿ ಇರಬೇಕು, ಸರಿಯಾಗಿ ನೋಡು."

ಗಂಡಿನ ಗುರುತು ಬೇರೆ, ಅದರ ಗೆರೆಗಳು ಮುರಿದಿರುವುದಿಲ್ಲ ಎಂದು ಮುದುಕ ವಿವರಿಸಿದ. ಹಾಗಾದರೆ ಇನ್ನೊಮ್ಮೆ ಒಗೆಯೋಣ ಎಂದರು ಮಾವ. ಒಂದು ಪ್ರಶ್ನೆಯನ್ನು ಎರಡು ಸಲ ಕೇಳುವಂತಿಲ್ಲ ಎಂದು ಅವನು ನಾಣ್ಯ ಜೇಬಿಗೆ ಹಾಕಿದ. ಆಮೇಲೆ ಅತ್ತೆಯ ಕಡೆ ತಿರುಗಿ ಹೇಳಿದ: "ಮುಂದ ಓಡಿದರ ದಾರಿ ತಪ್ತದ. ಹಿಂದಿಂದ ನಡದರ ಜಾಗಾ ಸಿಗ್ತದ. ನೈರುತ್ಯಕ್ಕ ಹೋದರ ಮಂದಿ ಕೂಡ್ತಾರ, ಈಶಾನ್ಯಕ್ಕ ಹೋದರ ಇದ್ದವರೂ ಬಿಟ್ಟು ಹೋಗ್ತಾರ."

"ನನಗ ಹೇಳಪಾ, ಆಕಿಗಲ್ಲ!"

"ಒಗದವರು ಅಮ್ಮ ಅಲ್ಲೇನ್ರಿ?"

ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗಿಟ್ಟು ಕೆಮ್ಮಿದೆ. ಅತ್ತೆ ಮಾತ್ರ ಗಂಭೀರವಾಗಿ, "ಆ ಕುದುರಿ ಏನ್ ಮಾಡ್ತದಪಾ?" ಎಂದು ಕೇಳಿದರು.

"ಮೆತ್ತಗಿರ್ತದಮ್ಮಾ. ಆದರ ಬಾಳ ದೂರ ನಡೀತದ, ದಣಿಯಂಗಿಲ್ಲ."

ಅವನು ಸೈಕಲ್ ತಳ್ಳಿಕೊಂಡು ಹೋದ. ಮತ್ತೆ ಈ ಕಡೆ ಬರಲಿಲ್ಲ. ಅವನು ಓಣಿ ದಾಟುವುದರೊಳಗೆ ಮಾವ ಆ ಭವಿಷ್ಯವನ್ನು ಎರಡು ಪಾಲು ಮಾಡಿದ್ದರು. ಭೂಮಿಯ ಯೋಗ, ಮಂದಿ ಕೂಡುವುದು ತಮ್ಮ ಪಾಲಿಗೆ. ಹೊರುವುದು, ಮೆತ್ತಗಿರುವುದು, ಹಿಂದೆ ನಡೆಯುವುದು ಮನೆಯ ಹೆಂಗಸರ ಪಾಲಿಗೆ.

ಅಂದಿನಿಂದ ಪಡಸಾಲೆ ತುಂಬ ಜನ. ಟಿಕೇಟ್ ಕೊಡಿಸುತ್ತೇವೆ ಎನ್ನುವವರು, ಕೊಡಿಸುವವರನ್ನು ಬಲ್ಲವರು, ಅವರ ಜೊತೆ ಸುಮ್ಮನೆ ಬಂದವರು. ನಾನೂ ಅತ್ತೆಯೂ ಬೆಳಗಿನಿಂದ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆವು. ನನ್ನ ಅಂಗೈ ಕೆಂಪಗಾಗಿ, ಆಮೇಲೆ ಗಟ್ಟಿಯಾಗಿ, ಕೊನೆಗೆ ನನ್ನದಲ್ಲ ಎನ್ನುವಂತಾಯಿತು. ಹೊರಗೆ ಮಾವ ಬಾಯಿ ತುಂಬ ತುತ್ತು ಇಟ್ಟುಕೊಂಡು ಉಪದೇಶ ಮಾಡುತ್ತಿದ್ದರು: "ಹೆಣ್ಣಂದರ ಭೂಮಿ ಇದ್ದಂಗ ಇರಬೇಕ್ರಿ. ತಾಳ್ಕೋಬೇಕು. ಚೀನಾದಾಗೂ ಹಿಂಗ ಹೇಳ್ಯಾರ, ನಮ್ಮ ದೇಶದಾಗಷ್ಟ ಅಲ್ಲ." ಹೇಳುತ್ತಲೇ ಒಳಗೆ ಕೈ ಚಾಚುತ್ತಿದ್ದರು, ಇನ್ನೊಂದು ರೊಟ್ಟಿಗೆ. ತಾಳಿಕೊಳ್ಳುವುದು ಎಷ್ಟು ದೊಡ್ಡ ಗುಣ ಎಂದು ಅಲ್ಲಿ ಕೂತ ಗಂಡಸರೆಲ್ಲ ತಲೆದೂಗುತ್ತಿದ್ದರು. ಒಬ್ಬನಿಗಾದರೂ ಆ ಗುಣ ತನಗೂ ಇರಲಿ ಎಂದು ಆಸೆಯಾದದ್ದನ್ನು ನಾನು ಕಾಣಲಿಲ್ಲ.

"ಅತ್ತಿ, ನಿಮಗ ಸಿಟ್ಟು ಬರಂಗಿಲ್ಲೇನು?" ಎಂದು ಒಂದು ದಿನ ಕೇಳಿದೆ.

"ಸಿಟ್ಟಿಗಿ ಹೊತ್ತು ಎಲ್ಲದ, ಹಿಟ್ಟು ನಾದು."

ಭಾನುವಾರ ಗಂಡನಿಗೆ ಹೇಳಿದೆ. "ಅಪ್ಪ ಹೇಳೂದು ಖರೇ ಅದ. ಅವ್ವಗ ತ್ರಾಸ ಆಗೂದೂ ಖರೇ ಅದ" ಎಂದರು. ಶಾಲೆಯ ಮಕ್ಕಳಿಗೆ ಲೆಕ್ಕ ಹೇಗೆ ಕಲಿಸುತ್ತಾರೋ ಎಂದು ನನಗೆ ಅನುಮಾನ ಬಂತು.

ಇಷ್ಟೆಲ್ಲ ನಡೆದರೂ ಅತ್ತೆ ಏನೂ ಅಂದವರಲ್ಲ. ಅವರನ್ನು ಕೆಣಕಿದ್ದು ಬಾವುಟ. ಬಾವುಟ ಹಿಡಿಯಲು ಒಬ್ಬ ಗಟ್ಟಿ ಆಳು ಬೇಕೆಂದು ಮಾವ ಕುರಿ ಕಾಯುವವನನ್ನೇ ಪ್ರಚಾರಕ್ಕೆ ಕಳಿಸಿದರು. ಕುರಿಗಳು ಹಿತ್ತಿಲಿನ ದೊಡ್ಡಿಯಲ್ಲಿ ಉಳಿದವು. ನಾವು ಕೊಯ್ದು ಹಾಕಿದ ಸೊಪ್ಪು ಏತಕ್ಕೂ ಸಾಲಲಿಲ್ಲ. ಹಗಲೆಲ್ಲ ಒದರುತ್ತಿದ್ದವು.

"ಆ ಹುಡುಗನ್ನ ಹೊಳ್ಳಿ ಕಳಿಸ್ರಿ, ಕುರಿ ಉಪವಾಸ ಬಿದ್ದಾವ" ಎಂದರು ಅತ್ತೆ.

"ನಾಕ ದಿನ ತಾಳ್ಕೊಳ್ಳಲಿ. ದೇಶದ ಕೆಲಸ ಅದ."

ಕುರಿಗಳಿಗೂ ಭೂಮಿಯ ಉಪದೇಶವಾಯಿತು. ಅವು ಕೇಳಲಿಲ್ಲ. ಹೊಸದಾಗಿ ಈದ ಒಂದು ಕುರಿಯ ಹಾಲು ಬತ್ತಿತು, ಅದರ ಮರಿ ಸತ್ತಿತು. ಅತ್ತೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. ಅಳಲಿಲ್ಲ. ಎದ್ದು, ಹಿತ್ತಿಲಲ್ಲಿ ತಾವೇ ಕುಣಿ ತೋಡಿ ಮುಚ್ಚಿದರು.

ಮರುದಿನ ಯಾದಗಿರಿಯಿಂದ ದೊಡ್ಡ ಲೀಡರು ನಮ್ಮ ಮನೆಗೆ ಊಟಕ್ಕೆ ಬರುವವರಿದ್ದರು. ನಾನು ಬೆಳಿಗ್ಗೆಯೇ ಹಿಟ್ಟು ನಾದುತ್ತಿದ್ದೆ. ಅತ್ತೆ ಕಂಬಳಿ ಹೆಗಲಿಗೇರಿಸಿ, ಸಣ್ಣ ಹಂಚು, ಹಿಟ್ಟಿನ ಗಂಟು, ಕೋಲು ಹಿಡಿದು ದೊಡ್ಡಿಯ ಬಾಗಿಲು ತೆಗೆದರು. ಕುರಿಗಳು ಓಣಿಗೆ ನುಗ್ಗಿದವು. ಮಾವ ಅರ್ಧ ಕ್ಷೌರದ ಮೋರೆಯಲ್ಲಿ ಓಡಿ ಬಂದರು.

"ಎಲ್ಲಿಗಿ ಹೊಂಟಿ?"

"ಕುರಿ ಹಿಂದ."

"ಲೀಡರು ಬರಾಕತ್ತಾರ!"

"ಬರ್ಲಿ ಬಿಡ್ರಿ. ನಾ ಏನು ಮುಂದ ಹೋಗಾಕತ್ತಿಲ್ಲ. ಹಿಂದ ನಡೀಬೇಕಂತ ನೀವ ದಿನಾ ಹೇಳ್ತಿದ್ರೆಲ್ಲ."

"ಅಡಗಿ ಯಾರು ಮಾಡಬೇಕು?"

ಅತ್ತೆಯ ದನಿ ಒಂದಿಷ್ಟೂ ಏರಲಿಲ್ಲ. "ಭೂಮಿನೂ ಒಂದೊಂದು ವರ್ಷ ಬೀಳು ಬಿಡ್ತಾರ್ರಿ. ನಾನೂ ಬೀಳು ಬಿದ್ದೀನಿ ಅಂತ ತಿಳ್ಕೋರಿ." ಆಮೇಲೆ ನನ್ನನ್ನು ನೋಡಿದರು. "ನೀ ಬರ್ತಿಯೇನವಾ?"

ನಾದಿದ ಹಿಟ್ಟು ಪರಾತದಲ್ಲಿಯೇ ಉಳಿಯಿತು. ಕೈಗೆ ಅಂಟಿದ್ದನ್ನು ನಾನು ಸುರಪುರ ದಾಟಿದ ಮೇಲೆ ಕೆರೆಯಲ್ಲಿ ತೊಳೆದುಕೊಂಡೆ.

ನಾವು ದೇವಾಪುರದ ಕಡೆ ಹೊರಟೆವು, ನೈರುತ್ಯಕ್ಕೆ, ಹೊಳೆಯ ದಿಕ್ಕಿಗೆ. ಜೋಳದ ರಾಶಿಯಾಗಿ ಹೊಲಗಳು ಖಾಲಿ ಬಿದ್ದಿದ್ದವು. ಗೊಬ್ಬರಕ್ಕಾಗಿ ಕುರಿ ಮಂದೆ ಕೂಡಿಸಲು ರೈತರು ಕಾದಿದ್ದರು. ಅತ್ತೆ ಒಂದು ಹೊಲದ ಯಜಮಾನನ ಜೊತೆ ಮಾತಾಡಿ ಮುಗಿಸುವಷ್ಟರಲ್ಲಿ ಪಕ್ಕದ ಹೊಲದವನು ಬಂದ. ಜೋಳ ಕೊಟ್ಟರು, ಅವರ ಹೆಂಗಸರು ಮಜ್ಜಿಗೆ, ಖಾರಬ್ಯಾಳಿ ತಂದು ಕೂತು ಮಾತಾಡಿದರು. ಮನೆಯಲ್ಲಿ ಮಾತೇ ಆಡದ ಅತ್ತೆ ಅಲ್ಲಿ ಹರಟಿದ್ದು ಕೇಳಿ ನಾನು ಬೆರಗಾದೆ. ಅವರಿಗೆ ನಗಲೂ ಬರುತ್ತಿತ್ತು. ನನ್ನ ಕಾಲಿಗೆ ಬೊಬ್ಬೆ ಬಂದವು, ಅವರು ಎಕ್ಕೆಯ ಎಲೆ ಕಟ್ಟಿದರು. ಈಯುವ ಕುರಿಯ ಹೊಟ್ಟೆ ನೀವುವುದನ್ನು, ತಾಯಿ ಒದೆಯುವ ಮರಿಗೆ ಬೇರೆ ಕುರಿಯ ಹಾಲು ಕುಡಿಸುವುದನ್ನು ಕಲಿಸಿದರು. ಆ ಕುರಿ ಒಪ್ಪದಿದ್ದರೆ ಬೈಯುತ್ತಿರಲಿಲ್ಲ, ಒಪ್ಪುವ ತನಕ ಅದರ ಕತ್ತು ಹಿಡಿದು ಕೂತಿರುತ್ತಿದ್ದರು. ಒಪ್ಪದ ಕುರಿಯನ್ನು ನಾನು ನೋಡಲಿಲ್ಲ.

ಮನೆಯಲ್ಲಿ ನಡೆದದ್ದನ್ನು ಬಾವುಟದ ಕೋಲು ಬಿಸಾಕಿ ನಮ್ಮನ್ನು ಹುಡುಕಿಕೊಂಡು ಬಂದ ಕುರಿ ಕಾಯುವವನೇ ಹೇಳಿದ. ಲೀಡರು ಬಂದಾಗ ಮಾವ ಸುರಪುರದ ಹೋಟೆಲಿನಿಂದ ಮಂಡಕ್ಕಿ ತರಿಸಿದರಂತೆ. ಲೀಡರು ಖಾಲಿ ಒಲೆಯನ್ನೂ ಪರಾತದಲ್ಲಿ ಹುಳಿಯಾದ ಹಿಟ್ಟನ್ನೂ ನೋಡಿ ಹೊರಟು ಹೋದರಂತೆ. ಮಾವ ಅವರ ಬೆನ್ನು ಹತ್ತಿ ಈಶಾನ್ಯದ ಯಾದಗಿರಿಗೆ ಹೋಗಿ ಕಚೇರಿಯ ಕಟ್ಟೆಯ ಮೇಲೆ ಕೂತರು. ಜೊತೆಗೆ ಬಂದವರು ಒಬ್ಬೊಬ್ಬರಾಗಿ ನೀರು ಕುಡಿದು ಬರುತ್ತೇನೆಂದು ಹೋದವರು ವಾಪಸು ಬರಲಿಲ್ಲ. ಅವರೆಲ್ಲ ಟಿಕೇಟ್ ಸಿಕ್ಕ ಇನ್ನೊಬ್ಬನ ಪಡಸಾಲೆಯಲ್ಲಿ ಉಣ್ಣುತ್ತಿದ್ದರು. ಅಲ್ಲಿಯೂ ಒಳಗೆ ಯಾರೋ ರೊಟ್ಟಿ ಬಡಿಯುತ್ತಿದ್ದಿರಬೇಕು.

ಈ ಸಲ ಬಿಟ್ಟುಕೊಡಿ, ನಿಮ್ಮ ತ್ಯಾಗವನ್ನು ಮರೆಯುವುದಿಲ್ಲ ಎಂದು ಲೀಡರು ಮಾವನಿಗೆ ಹೇಳಿದರು. ಕೈಯಲ್ಲಿ ಇಲ್ಲದ್ದನ್ನು ಬಿಟ್ಟುಕೊಡಲು ಮಾವ ಒಪ್ಪಿದರು. ಸುರಪುರದ ವೇದಿಕೆಯ ಮೇಲೆ ಅವರಿಗೊಂದು ಹಾರ ಬಿತ್ತು.

ಆ ಹಾರ ಬಾಡುವ ಮೊದಲೇ, ಒಂದು ಮಧ್ಯಾಹ್ನ ಮಾವ ನಾವಿದ್ದ ಹೊಲಕ್ಕೆ ನಡೆದು ಬಂದರು. ಟೋಪಿಯ ಮೇಲೆ ಧೂಳು. ಹೊಟ್ಟೆ ಬೆನ್ನಿಗೆ ಹತ್ತಿತ್ತು.

"ಟಿಕೇಟ್ ಏನಾತ್ರಿ?" ಎಂದು ಅತ್ತೆ ಕೇಳಿದರು.

"ಬಿಟ್ಟುಕೊಟ್ಟೆ."

"ಯಾರಿಗಿ?"

"ದೇಶಕ್ಕ."

"ಚಲೋ ಮಾಡಿದ್ರಿ. ಕೈ ತೊಳ್ಕೋರಿ."

ಮೂರು ಕಲ್ಲಿನ ಒಲೆಯ ಮೇಲೆ ಅತ್ತೆ ಬಿಸಿ ರೊಟ್ಟಿ ಮಾಡಿ ಹಾಕಿದರು. ಒಂದೂ ಮಾತು ಚುಚ್ಚಲಿಲ್ಲ. ಮಾವ ಉಂಡರು, ಉಂಡ ಮೇಲೆ ಧೈರ್ಯ ಬಂತು. "ನಡಿ ಇನ್ನ ಮನಿಗಿ."

"ಮುಂದಿನ ಹೊಲದವ್ರಿಗಿ ಮಾತು ಕೊಟ್ಟೀನ್ರಿ. ಮುಗಿಸ್ಕೊಂಡ ಬರ್ತೀನಿ."

"ಅಲ್ಲೀತನಕ ನನ್ನ ಊಟ?"

"ಇಲ್ಲೇ ಇರ್ರಿ. ಆ ಎರಡು ಮರಿ ನಡ್ಯಾಕ ಒಲ್ಲವು, ಹೊತ್ಕೊಂಡ ಬರ್ರಿ."

ಮಾವ ನನ್ನ ಕಡೆ ನೋಡಿದರು. ನಾನು ಈ ಸಲ ಸೆರಗು ಬಾಯಿಗೆ ಇಡಲಿಲ್ಲ. ಬಿಸಿಲು ಇಳಿಯುತ್ತಿದ್ದಂತೆ ಮಂದೆ ಹೊರಟಿತು. ಮಂದೆಯ ಹಿಂದೆ ಅತ್ತೆ, ಅತ್ತೆಯ ಹಿಂದೆ ಮಾವ, ಹೆಗಲಿಗೊಂದು ಕಂಕುಳಿಗೊಂದು ಮರಿ. ಹೆಗಲಿನದು ಜುಬ್ಬಾ ತೋಯಿಸಿತು. ದಾರಿಯಲ್ಲಿ ಪರಿಚಯದವನೊಬ್ಬ ಎತ್ತಿನ ಗಾಡಿ ನಿಲ್ಲಿಸಿ, "ಏನ್ರಿ ಸಾಹುಕಾರ, ಇಲ್ಲೆಲ್ಲಿ?" ಎಂದ.

"ರೈತರ ಪರಿಸ್ಥಿತಿ ನೋಡಾಕ ಬಂದೀನಿ" ಎಂದರು ಮಾವ.

ಆ ಹಂಗಾಮು ಮುಗಿಸಿ ನಾವು ಮನೆಗೆ ಬಂದೆವು. ಕುರಿಯ ವ್ಯವಹಾರ ಅತ್ತೆಯ ಕೈಗೆ ಬಂದಿತ್ತು. ಅದನ್ನು ಯಾರೂ ಕೊಟ್ಟಿರಲಿಲ್ಲ. ಕೊಳ್ಳುವವರು, ಮಂದೆ ಕರೆಯುವವರು ನೇರವಾಗಿ ಹಿತ್ತಿಲ ಬಾಗಿಲಿಗೆ ಬರತೊಡಗಿದರು, ಅಷ್ಟೇ. ಮಾವ ರಾಜಕೀಯ ಬಿಡಲಿಲ್ಲ. ನಮ್ಮ ಸೀಮೆ ಕನ್ನಡದ ರಾಜ್ಯಕ್ಕೆ ಸೇರಿದಾಗ ವೇದಿಕೆಯ ಮೂಲೆಯ ಕುರ್ಚಿ ಅವರದಾಗಿತ್ತು. ಬಿಟ್ಟುಕೊಡುವವರು ಬೇಕಾದಾಗಲೆಲ್ಲ ಎಲ್ಲ ಪಕ್ಷದವರೂ ಅವರನ್ನು ಕರೆದರು. ಭೂಮಿಯ ಉಪದೇಶವನ್ನು ಊರ ಹೊರಗೆ ಮಾಡುತ್ತಿದ್ದರಂತೆ, ಮನೆಯಲ್ಲಿ ಮಾತ್ರ ಮಾಡಲಿಲ್ಲ.

ನಾವು ಮನೆಗೆ ಬಂದ ಮರುವರ್ಷ, ಸುಗ್ಗಿ ಮುಗಿದ ಭಾನುವಾರ, ನಾನು ಮತ್ತೆ ಮಂದೆಯ ಹಿಂದೆ ಹೊರಡಲು ಗಂಟು ಕಟ್ಟುವುದನ್ನು ಕಂಡು ನನ್ನ ಗಂಡ, "ಯಾವಾಗ ಬರ್ತಿ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಅದೂ ಖರೇ ಅದ ಎಂದು ತಲೆಯಾಡಿಸಿದರು. ಅಷ್ಟರಲ್ಲಿ ಅತ್ತೆ ಓಣಿಯ ತಿರುವು ದಾಟಿದ್ದರು. ನಾನು ಚಪ್ಪಲಿ ಮೆಟ್ಟಿಕೊಂಡು ಓಡಿದೆ.