ಮೂರು ಬ್ರೇಕರ್, ಎರಡೇ ಕೀಲಿ

ರಂಜಾನ್ ಉಪವಾಸ ಮುಗಿದು ಬರುವ ಲೆಬಾರನ್ ಹಬ್ಬಕ್ಕೆ ಜಾವಾದ ಗ್ರೆಸಿಕ್ಕಿನ ಕಾಗದದ ಕಾರ್ಖಾನೆ ನಿಂತಿತೆಂದರೆ ಎಲ್ಲರೂ ಊರಿನ ಬಸ್ಸು ಹತ್ತುತ್ತಾರೆ, ಬಪಾಕ್ ಸರ್ಮಿದಿ ಮಾತ್ರ ಸ್ವಿಚ್ ರೂಮಿನ ಬಾಗಿಲು ತೆರೆಯುತ್ತಾರೆ. ಬ್ರೇಕರುಗಳೆಂಬ ದೊಡ್ಡ ಸ್ವಿಚ್ಚುಗಳ ಧೂಳು ಒರೆಸಲು ವರ್ಷಕ್ಕೆ ಸಿಗುವುದು ಅದೊಂದೇ ವಾರ. ಎರಡು ಕಡೆಯಿಂದ ಕರೆಂಟು ತರುವ ಎರಡು ಮೇನ್ ಬ್ರೇಕರ್, ನಡುವೆ ಎರಡೂ ಕಡೆಯನ್ನು ಬೆಸೆಯುವ ಟೈ ಬ್ರೇಕರ್. ಕೀಲಿ ಹಾಕದೆ ಯಾವುದೂ ಆನ್ ಆಗದು, ಇರುವುದು ಎರಡೇ ಕೀಲಿ. "ಮೂರೂ ಒಟ್ಟಿಗೆ ಸೇರಿದ್ರೆ ಬೆಂಕಿ ಕಣೋ, ಒಬ್ರು ಯಾವಾಗ್ಲೂ ಆಚೆ ನಿಂತಿರ್ಬೇಕು" ಎಂದು, ಫ್ಲೋರೆಸ್ ದ್ವೀಪದಿಂದ ಈ ವರ್ಷ ಬಂದ ಜೊತೆಗಾರ ಯೋಸೆಫ್‌ಗೆ ದಿನಕ್ಕೆ ಹತ್ತು ಸಲ ಹೇಳುತ್ತಾರೆ. "ಮಲಕ್ಕೋ ತಾಯಿ" ಎನ್ನುತ್ತಾ ಒಂದು ಮೇನ್ ಆಫ್ ಮಾಡುತ್ತಾರೆ. ಆ ಕಡೆಯ ದೀಪ, ಪಂಪು ನಿಲ್ಲದಂತೆ ಅದರ ಕೀಲಿಯನ್ನು ಟೈಗೆ ಹಾಕುತ್ತಾರೆ. ಕರೆಂಟಿಲ್ಲವೆಂದು ಮೂರು ಸಲ ತಾವೇ ನೋಡಿ, ನಾಲ್ಕನೆಯ ಸಲ ಯೋಸೆಫ್‌ನಿಂದ ನೋಡಿಸಿ, ಆಫ್ ಮಾಡಿದ ಮೇನ್‌ಗೆ ತಮ್ಮ ಕೆಂಪು ಬೀಗ ಜಡಿದು ಹೆಸರಿನ ಚೀಟಿ ಕಟ್ಟುತ್ತಾರೆ. ಆ ಬೀಗವನ್ನು ಮ್ಯಾನೇಜರೂ ಮುಟ್ಟುವಂತಿಲ್ಲ. ಅದರ ಕೀಲಿ ಊಟದ ಹೊತ್ತಿನಲ್ಲೂ ಅಂಗಿಯೊಳಗೆ, ಎದೆಗೆ ತಾಗಿಕೊಂಡೇ ಇರುತ್ತದೆ. "ಬಪಾಕ್, ನನ್ ಹಬ್ಬ ಕ್ರಿಸ್‌ಮಸ್ಸು, ನಾನಿಲ್ಲಿ ನೋಡ್ಕೋತಿದ್ದೆ. ಈ ಸಲನಾದ್ರೂ ನೀವು ಊರಿಗೆ ಹೋಗ್ಬಾರ್ದಿತ್ತಾ?" ಎಂದು ಯೋಸೆಫ್ ಕೇಳಿದರೆ, "ನೀನಾ? ಫ್ಯಾನ್ ಹಾಕೋಕೂ ಗೋಡೆ ತಡಕ್ತೀಯ" ಎಂದು ಗದರಿ, ಕ್ಯಾಂಟೀನಿನವರು ಬಿಟ್ಟುಹೋದ ಕೆತುಪತ್ ಅನ್ನದ ಎಲೆ ಬಿಡಿಸುತ್ತಾರೆ. ಹಬ್ಬದ ಬೆಳಿಗ್ಗೆ ಯೋಸೆಫ್ ಬೀಗದ ಆ ಚೀಟಿಯ ಕೊನೆಯ ಸಾಲು ಓದಿದ: ಏನಾದರೂ ಆದರೆ ಯಾರಿಗೆ ತಿಳಿಸಬೇಕು? ಮುಂದೆ ಬರೀ ಒಂದು ನಂಬರು. ಬಪಾಕ್ ಮನೆಯವರಿಗೆ ಹಬ್ಬದ ಶುಭಾಶಯ ಹೇಳೋಣವೆಂದು ಅಂಗಳಕ್ಕೆ ಬಂದು ಅದಕ್ಕೆ ಫೋನು ಮಾಡಿದ. ಸ್ವಿಚ್ ರೂಮಿನ ಗೋಡೆಯ ಫೋನು ಬಡಿದುಕೊಂಡಿತು; ಬಪಾಕ್ ಸರ್ಮಿದಿ ಕೈ ಒರೆಸಿಕೊಳ್ಳುತ್ತಾ ಓಡಿಬಂದು ಎತ್ತಿಕೊಂಡು, "ಹಲೋ, ಸರ್ಮಿದಿ ಇಲ್ಲೇ ಇದ್ದೀನಿ, ಹೇಳಿ" ಎಂದರು.